ಮರೆವು ಆವರಿಸುವ ಮುನ್ನ: ಮುಂಗಡ ಆರೈಕೆ ಯೋಜನೆ ಮತ್ತು ಡಿಜಿಟಲ್ ಸಾಧನಗಳು

ತೀವ್ರ ನಿಗಾ ಘಟಕದ ಹೊರಗೆ ನಿಂತ ಕುಟುಂಬದವರು ಯಾಜಕರನ್ನು ಕೇಳುವ ಪ್ರಶ್ನೆಯೊಂದು ನಮ್ಮಲ್ಲಿ ಹಲವರಿಗೆ ಪರಿಚಿತ: "ಫಾದರ್, ಅಮ್ಮನಿಗೆ ಮೂಗಿನಿಂದ ನಳಿಕೆ ಹಾಕಿಸಬೇಕೇ? ಬೇಡವೆಂದರೆ ನಮಗೆ ಪಾಪ ಬರುವುದೇ?" ತಾಯಿಗೆ ಕೆಲವು ವರ್ಷಗಳಿಂದ ಮರೆವಿನ ಕಾಯಿಲೆ, ಈಗ ಮಕ್ಕಳ ಗುರುತೂ ಹತ್ತದು. ಮಕ್ಕಳಲ್ಲಿ ಒಬ್ಬರದು ಒಂದು ಅಭಿಪ್ರಾಯ, ಇನ್ನೊಬ್ಬರದು ಮತ್ತೊಂದು. ತಾಯಿ ಏನನ್ನು ಬಯಸುತ್ತಿದ್ದರು ಎಂದು ನಾವು ಮರಳಿ ಕೇಳಿದರೆ ಉತ್ತರ ದೊರೆಯುವುದಿಲ್ಲ. ಆಕೆಯನ್ನೇ ಕೇಳಬಹುದಾಗಿದ್ದ ದಿನಗಳಲ್ಲಿ ಮನೆಯವರು ಕೇಳಿರಲಿಲ್ಲ. ತಿಂಗಳು ತಿಂಗಳೂ ಪರಮಪ್ರಸಾದವನ್ನು ಕೊಂಡೊಯ್ಯುತ್ತಿದ್ದ ನಾವೂ ಕೇಳಿರಲಿಲ್ಲ.

2023ರಲ್ಲಿ ಪ್ರಕಟವಾದ ಅಂದಾಜಿನಂತೆ ಭಾರತದಲ್ಲಿ 60 ವರ್ಷ ದಾಟಿದವರ ಪೈಕಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಶಿಯಾ ಇದೆ. ನಮ್ಮ ಪ್ರತಿಯೊಂದು ಧರ್ಮಕೇಂದ್ರದಲ್ಲೂ ಇಂಥವರು ಇದ್ದಾರೆಂದೇ ತಿಳಿಯಬೇಕು. ಇವರ ಇಚ್ಛೆಯನ್ನು ಮೊದಲೇ ಕೇಳಿ ದಾಖಲಿಸಲು ಈಗ ಜಾಲತಾಣ, ವಿಡಿಯೊ, ಚಿತ್ರಫಲಕ ಮುಂತಾದ ಡಿಜಿಟಲ್ ಸಾಧನಗಳು ಬಂದಿವೆ. ಅವು ಏನನ್ನು ಮಾಡಬಲ್ಲವು, ಏನನ್ನು ಮಾಡಲಾರವು, ಅವುಗಳ ಬಗ್ಗೆ ನಮ್ಮ ಪರಂಪರೆ ಯಾವ ಬೆಳಕು ನೀಡುತ್ತದೆ ಎಂಬುದನ್ನು ಇಲ್ಲಿ ವಿಚಾರಿಸುತ್ತೇವೆ.

1. ಕಾನೂನು ಮತ್ತು ಬೋಧನೆ

ಮುಂದೊಂದು ದಿನ ತಾನೇ ನಿರ್ಧರಿಸಲಾಗದ ಸ್ಥಿತಿ ಬಂದಾಗ ತನಗೆ ಎಂಥ ಚಿಕಿತ್ಸೆ ಬೇಕು, ಎಂಥದು ಬೇಡ, ತನ್ನ ಪರವಾಗಿ ಯಾರು ಮಾತನಾಡಬೇಕು ಎಂಬುದನ್ನು ವ್ಯಕ್ತಿಯು ಆಪ್ತರೊಡನೆ ಮತ್ತು ವೈದ್ಯರೊಡನೆ ಚರ್ಚಿಸಿ ಗೊತ್ತುಮಾಡಿಕೊಳ್ಳುವುದೇ ಮುಂಗಡ ಆರೈಕೆ ಯೋಜನೆ. ಅದರ ಲಿಖಿತ ರೂಪ ಮುಂಗಡ ವೈದ್ಯಕೀಯ ನಿರ್ದೇಶನ. ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು 2018ರ ಮಾರ್ಚ್ 9ರಂದು ಇದಕ್ಕೆ ಮಾನ್ಯತೆ ನೀಡಿತು. 2023ರ ಜನವರಿ 24ರಂದು ವಿಧಾನವನ್ನು ಸರಳಗೊಳಿಸಿತು. ಈಗ ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಂಡರೆ ಸಾಕು. ಬಯಸಿದರೆ ಅದನ್ನು ಡಿಜಿಟಲ್ ಆರೋಗ್ಯ ದಾಖಲೆಯಲ್ಲಿಯೂ ಸೇರಿಸಬಹುದು. ಕರ್ನಾಟಕದ ಆರೋಗ್ಯ ಇಲಾಖೆಯು 2025ರ ಜನವರಿ 30ರ ಸುತ್ತೋಲೆಯ ಮೂಲಕ ಈ ತೀರ್ಪಿನ ಅನುಷ್ಠಾನಕ್ಕೆ ಕ್ರಮ ಕೈಗೊಂಡಿತು.

ತೀರ್ಪಿನಲ್ಲಿ ಬಳಕೆಯಾದ 'ನಿಷ್ಕ್ರಿಯ ದಯಾಮರಣ' ಎಂಬ ಪದವು ನಮ್ಮ ಜನರಲ್ಲಿ ಗೊಂದಲ ಹುಟ್ಟಿಸಿದೆ. ಸಾವನ್ನು ಉಂಟುಮಾಡುವ ಉದ್ದೇಶದಿಂದ ಮಾಡುವ ಕೃತ್ಯವನ್ನೂ ಮಾಡದೆ ಬಿಡುವ ಕರ್ತವ್ಯವನ್ನೂ ಧರ್ಮಸಭೆ ಒಪ್ಪುವುದಿಲ್ಲ. ಆದರೆ ಫಲಕ್ಕೆ ಮೀರಿದ ಹೊರೆಯಾಗುವ ಚಿಕಿತ್ಸೆಯನ್ನು ನಿರಾಕರಿಸುವುದು ದಯಾಮರಣವಲ್ಲ. ವಿಶ್ವಗುರು ಹನ್ನೆರಡನೇ ಪಯಸ್ 1957ರ ನವೆಂಬರ್ 24ರಂದು ವೈದ್ಯರಿಗೆ ನೀಡಿದ ಭಾಷಣದಿಂದ ಹಿಡಿದು 2020ರ 'ಸಮರಿತಾನುಸ್ ಬೋನುಸ್' ಪತ್ರದವರೆಗೆ ಈ ಭೇದ ಸ್ಪಷ್ಟವಾಗಿದೆ. ಇಂಥ ತೀರ್ಮಾನವನ್ನು ಶಕ್ತನಾದ ರೋಗಿಯೇ ಮಾಡಬೇಕು. ಆತ ಅಶಕ್ತನಾದರೆ ಕಾನೂನುಬದ್ಧ ಅಧಿಕಾರವುಳ್ಳವರು ಆತನ ವಿವೇಕಯುತ ಇಚ್ಛೆಯನ್ನೂ ನ್ಯಾಯವಾದ ಹಿತವನ್ನೂ ಗೌರವಿಸಿ ಮಾಡಬೇಕು ಎಂದು ಕಥೋಲಿಕ ಧರ್ಮೋಪದೇಶದ 2278ನೆಯ ಪರಿಚ್ಛೇದ ತಿಳಿಸುತ್ತದೆ. ಇಚ್ಛೆಯನ್ನು ಗೌರವಿಸಬೇಕಾದರೆ ಮೊದಲು ಅದು ನಮಗೆ ತಿಳಿದಿರಬೇಕು.

2. ಸಾಧನಗಳು ಮಾಡಬಲ್ಲುದು

ಅರಳುಮರಳು ಆರಂಭವಾಯಿತೆಂದರೆ ಇನ್ನು ಅವರನ್ನು ಕೇಳಿ ಪ್ರಯೋಜನವಿಲ್ಲ ಎಂಬುದು ನಮ್ಮ ಮನೆಗಳಲ್ಲಿ ಬೇರೂರಿದ ಭಾವನೆ. ನಿರ್ಧರಿಸುವ ಸಾಮರ್ಥ್ಯ ಮಾತ್ರ ದೀಪ ಆರಿದಂತೆ ಒಮ್ಮೆಲೇ ಇಲ್ಲವಾಗುವಂಥದಲ್ಲ. ಬೆಳಗ್ಗೆ ಇದ್ದ ಸ್ಪಷ್ಟತೆ ಸಂಜೆಗೆ ಇರಲಾರದು. ಹಣದ ಲೆಕ್ಕ ತಿಳಿಯದವರಿಗೂ ತಮ್ಮನ್ನು ಯಾರು ನೋಡಿಕೊಳ್ಳಬೇಕೆಂಬುದು ತಿಳಿದಿರಬಹುದು. ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಅನ್ವಯಿಸುವ 2005ರ ಮಾನಸಿಕ ಸಾಮರ್ಥ್ಯ ಕಾಯಿದೆ ಇದನ್ನು ಚೆನ್ನಾಗಿ ಗುರುತಿಸಿದೆ. ಸರಳ ಭಾಷೆ, ಚಿತ್ರ ಮುಂತಾದ ನೆರವಿನಿಂದ ವಿವರಿಸಿದಾಗ ಅರ್ಥವಾಗುವುದಾದರೆ ಆ ವ್ಯಕ್ತಿಯನ್ನು ಅಸಮರ್ಥನೆಂದು ಎಣಿಸುವಂತಿಲ್ಲ. ಹೇಳಿದ್ದು ಸ್ವಲ್ಪ ಹೊತ್ತು ಮಾತ್ರ ನೆನಪಿನಲ್ಲಿ ಉಳಿಯುತ್ತದೆ ಎಂಬ ಕಾರಣವೊಂದೇ ಅದಕ್ಕೆ ಸಾಲದು.

ಡಿಜಿಟಲ್ ಸಾಧನಗಳ ನಿಜವಾದ ಉಪಯೋಗ ಇರುವುದು ಇಲ್ಲಿಯೇ. ಸ್ಕಾಟ್ಲೆಂಡಿನ ಸ್ಟರ್ಲಿಂಗ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ 'ಟಾಕಿಂಗ್ ಮ್ಯಾಟ್ಸ್' ಎಂಬ ವಿಧಾನದಲ್ಲಿ ವ್ಯಕ್ತಿಯು ಒಂದೊಂದು ಚಿತ್ರವನ್ನು ಇಷ್ಟ, ಇಷ್ಟವಿಲ್ಲ, ಹೇಳಲಾರೆ ಎಂಬ ಸಾಲುಗಳಲ್ಲಿ ಇಡುತ್ತಾ ಹೋಗುತ್ತಾನೆ. ಮೊದಲು ಚಾಪೆಯ ಮೇಲೆ ಇಡುತ್ತಿದ್ದ ಈ ಚಿತ್ರಗಳನ್ನು ಈಗ ಪರದೆಯ ಮೇಲೂ ಸರಿಸಬಹುದು. ಮಾತು ತಡವರಿಸುವ ಡಿಮೆನ್ಶಿಯಾ ರೋಗಿಗಳೊಂದಿಗೆ ಇದನ್ನು ಬಳಸಲಾಗಿದೆ. ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವೃದ್ಧಾರೋಗ್ಯ ತಜ್ಞೆ ರೆಬೆಕಾ ಸುಡೋರ್ ಅವರ ತಂಡ ಸಿದ್ಧಪಡಿಸಿದ 'ಪ್ರಿಪೇರ್' ಜಾಲತಾಣವು ಚಿಕ್ಕ ವಿಡಿಯೊಗಳ ಮೂಲಕ, ತನ್ನ ಪರವಾಗಿ ಮಾತನಾಡುವವರನ್ನು ಆರಿಸುವುದು, ಬದುಕಿನಲ್ಲಿ ತನಗೆ ಮುಖ್ಯವಾದುದನ್ನು ಗುರುತಿಸುವುದು, ಅದನ್ನು ಇತರರಿಗೆ ತಿಳಿಸುವುದು ಎಂಬಂತೆ ಹೆಜ್ಜೆ ಹೆಜ್ಜೆಯಾಗಿ ನಡೆಸುತ್ತದೆ. ಅಮೆರಿಕದ ವೈದ್ಯ ಬರಾಕ್ ಗ್ಯಾಸ್ಟರ್ 2017ರಲ್ಲಿ ಮುಂದಿಟ್ಟ ಡಿಮೆನ್ಶಿಯಾ ನಿರ್ದೇಶನವು ಕಾಯಿಲೆಯ ಆರಂಭ, ಮಧ್ಯಮ ಮತ್ತು ತೀವ್ರ ಹಂತಗಳಿಗೆ ಬೇರೆ ಬೇರೆಯಾಗಿ ಆರೈಕೆಯ ಗುರಿಯನ್ನು ಕೇಳುತ್ತದೆ.

ಇವು ಆಯಾ ನಾಡಿನ ಭಾಷೆ, ಕಾನೂನು, ಆಸ್ಪತ್ರೆಗಳಿಗೆ ತಕ್ಕಂತೆ ಹುಟ್ಟಿದವು. ಅವನ್ನು ಇದ್ದಂತೆಯೇ ಎತ್ತಿ ತರಲಾಗದು. ಆದರೂ ಅವುಗಳ ಕ್ರಮದಿಂದ ಕಲಿಯುವುದು ಸಾಧ್ಯ: ನಿಧಾನವಾಗಿ ಕೇಳುವುದು, ಒಂದು ಸಲಕ್ಕೆ ಒಂದೇ ವಿಷಯವನ್ನು ಕೇಳುವುದು, ಇನ್ನೊಂದು ದಿನ ಅದನ್ನೇ ಮತ್ತೆ ಕೇಳಿ ಉತ್ತರ ಹೊಂದುತ್ತದೆಯೇ ಎಂದು ನೋಡುವುದು.

3. ಎಚ್ಚರ ಬೇಕಾದಲ್ಲಿ

ಮೊದಲನೆಯದಾಗಿ, ಸಾಧನವು ಕೇಳುವ ರೀತಿಯೇ ಉತ್ತರವನ್ನು ತಿದ್ದಬಲ್ಲದು. 2009ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 200 ಮಂದಿ ಹಿರಿಯರಿಗೆ ತೀವ್ರ ಡಿಮೆನ್ಶಿಯಾದ ಸ್ಥಿತಿಯನ್ನು ವಿವರಿಸಲಾಯಿತು. ಮಾತಿನ ವಿವರಣೆಯನ್ನಷ್ಟೇ ಕೇಳಿದವರಲ್ಲಿ ಶೇ. 64ರಷ್ಟು ಜನ ನೆಮ್ಮದಿ ನೀಡುವ ಆರೈಕೆ ಮಾತ್ರ ಸಾಕೆಂದರೆ, ವಿಡಿಯೊವನ್ನೂ ನೋಡಿದವರಲ್ಲಿ ಶೇ. 86ರಷ್ಟು ಜನ ಹಾಗೆಂದರು. ಚಿತ್ರದಿಂದ ತಿಳುವಳಿಕೆ ಹೆಚ್ಚಿತೆನ್ನಬಹುದು. ಒಬ್ಬ ರೋಗಿಯ ಮುಖವನ್ನು ಕಂಡ ಭಯವೇ ಉತ್ತರ ನೀಡಿತೆನ್ನಲೂಬಹುದು. ಆದುದರಿಂದ ಡಿಮೆನ್ಶಿಯಾ ಉಳ್ಳವರ ಬದುಕನ್ನು ಹೊರೆಯೆಂದಷ್ಟೇ ತೋರಿಸುವ ಸಾಧನವನ್ನು ನಾವು ಒಪ್ಪಲಾಗದು. ಹಾಡಿಗೆ ತಲೆದೂಗುವ, ಶಿಲುಬೆಯ ಗುರುತನ್ನು ಮರೆಯದ ಕೈಗಳನ್ನೂ ಅದು ತೋರಿಸಬೇಕು.

ಎರಡನೆಯದು, ಆಯ್ಕೆಗಳ ಪಟ್ಟಿ. 'ಆಹಾರದ ನಳಿಕೆ: ಬೇಕು, ಬೇಡ' ಎಂಬ ಎರಡೇ ಚೌಕಗಳಿದ್ದರೆ ಮೂರನೆಯ ದಾರಿ ಮರೆಯಾಗುತ್ತದೆ. ತೀವ್ರ ಡಿಮೆನ್ಶಿಯಾದಲ್ಲಿ ನಳಿಕೆಗಿಂತ, ಕೈಯಾರೆ ಎಚ್ಚರದಿಂದ ತುತ್ತು ನೀಡುವುದನ್ನೇ ಅಮೆರಿಕದ ವೃದ್ಧಾರೋಗ್ಯ ಸಂಘವು ಶಿಫಾರಸು ಮಾಡುತ್ತದೆ. ಅನ್ನ ನೀರು ತಾತ್ತ್ವಿಕವಾಗಿ ಸಾಮಾನ್ಯ ಆರೈಕೆಯೇ ಹೊರತು ಚಿಕಿತ್ಸೆಯಲ್ಲ, ಅವು ದೇಹಕ್ಕೆ ಪೋಷಣೆ ನೀಡುವಷ್ಟು ಕಾಲ ನೀಡಲೇಬೇಕು ಎಂಬ ಧರ್ಮಸಭೆಯ ಬೋಧನೆಯನ್ನು ಇದರೊಂದಿಗೆ ಇಟ್ಟು ಓದಬೇಕು. ದೇಹವು ಅರಗಿಸಿಕೊಳ್ಳಲಾರದಾಗ ನಳಿಕೆ ಕಡ್ಡಾಯವಲ್ಲ. ತುತ್ತು ಹಿಡಿದು ಪಕ್ಕದಲ್ಲಿ ಕೂರುವ ಕರ್ತವ್ಯ ಮಾತ್ರ ಕೊನೆಯವರೆಗೂ ಉಳಿಯುತ್ತದೆ.

ಮೂರನೆಯದು ನಮ್ಮ ಮನೆಗಳ ವಾಸ್ತವ. ಅಜ್ಜಿಯ ಮೊಬೈಲಿಗೆ ಬರುವ ಒಟಿಪಿಯನ್ನು ಒತ್ತುವವನು ಮೊಮ್ಮಗ. ಯಾರ ಕೈಯಲ್ಲಿ ಫೋನಿದೆಯೋ ಅವರ ಇಚ್ಛೆಯೇ ಅಜ್ಜಿಯ ಇಚ್ಛೆಯಾಗಿ ದಾಖಲಾಗುವ ಅಪಾಯವಿದೆ. ಆಸ್ತಿಯ ತಕರಾರಿರುವಲ್ಲಿ ಇದು ಇನ್ನೂ ಹೆಚ್ಚು.

ನಾಲ್ಕನೆಯದು ಕೃತಕ ಬುದ್ಧಿಮತ್ತೆ. ವ್ಯಕ್ತಿಯ ಹಳೆಯ ಬರಹ, ಸಂದೇಶ, ವೈದ್ಯಕೀಯ ದಾಖಲೆಗಳನ್ನು ಉಣಿಸಿದ ಯಂತ್ರವು, ಆತ ಮಾತು ಕಳೆದುಕೊಂಡ ಬಳಿಕ ಆತನ ಆಯ್ಕೆಯನ್ನು ಊಹಿಸಲಿ ಎಂಬ ಪ್ರಸ್ತಾಪವನ್ನು 2024ರಲ್ಲಿ ಕೆಲವು ಜೀವನೀತಿ ತಜ್ಞರು ಮುಂದಿಟ್ಟಿದ್ದಾರೆ. ಊಹೆ ನಿಖರವಾಗಿಯೇ ಇರಬಹುದು. ಆದರೆ ಇಚ್ಛೆಯೆಂದರೆ ವ್ಯಕ್ತಿಯು ತಾನಾಗಿ ಮಾಡುವ ಕ್ರಿಯೆ. ಅದರ ಅಂದಾಜು ಆ ಕ್ರಿಯೆಯಾಗಲಾರದು. ಚಿಕಿತ್ಸೆಯ ತೀರ್ಮಾನ ಮತ್ತು ಅದರ ಹೊಣೆ ಮನುಷ್ಯರಲ್ಲಿಯೇ ಉಳಿಯಬೇಕೆಂದು 2025ರ ಜನವರಿ 28ರ 'ಆಂತೀಕ್ವಾ ಎತ್ ನೋವಾ' ಟಿಪ್ಪಣಿ ಹೇಳಿರುವುದು ಈ ಕಾರಣದಿಂದಲೇ.

4. ಪರಂಪರೆಯ ಬೆಳಕು

ಬುದ್ಧಿ ಸ್ಪಷ್ಟವಾಗಿದ್ದಾಗಿನ ಇಚ್ಛೆಯನ್ನು ಬುದ್ಧಿ ಮಸುಕಾದ ಬಳಿಕ ಗೌರವಿಸುವುದು ಧರ್ಮಸಭೆಗೆ ಹೊಸತಲ್ಲ. ಸಂತ ತೋಮಸ್ ಅಕ್ವಿನಾಸರು ದೈವಶಾಸ್ತ್ರ ಸಂಗ್ರಹದ ಮೂರನೆಯ ಭಾಗದ 68ನೆಯ ಪ್ರಶ್ನೆಯ 12ನೆಯ ಲೇಖದಲ್ಲಿ, ಸ್ವಸ್ಥರಾಗಿದ್ದು ಬಳಿಕ ಬುದ್ಧಿ ಕಳೆದುಕೊಂಡವರಿಗೆ ಸ್ನಾನದೀಕ್ಷೆ ನೀಡಬಹುದೇ ಎಂದು ಕೇಳುತ್ತಾರೆ. ಅವರು ಸ್ವಸ್ಥರಾಗಿದ್ದಾಗ ಹೊಂದಿದ್ದ ಇಚ್ಛೆಯಂತೆ ತೀರ್ಮಾನಿಸಬೇಕೆಂಬುದು ಅವರ ಉತ್ತರ. ನಡುನಡುವೆ ಬುದ್ಧಿ ತಿಳಿಯಾಗುವವರು ಆ ಗಳಿಗೆಯಲ್ಲಿ ಬಯಸಿದರೆ ಅದೂ ಮಾನ್ಯ. ಬುದ್ಧಿ ಮಂದವಾಗಿದ್ದರೂ ತಮ್ಮ ರಕ್ಷಣೆಯ ಬಗ್ಗೆ ಯೋಚಿಸಬಲ್ಲವರನ್ನು ಸ್ವಸ್ಥರಂತೆಯೇ ಕಾಣಬೇಕು. ಸಾಮರ್ಥ್ಯಕ್ಕೆ ಹಂತಗಳಿವೆ ಎಂಬ ಮಾತನ್ನು ಹದಿಮೂರನೆಯ ಶತಮಾನದಲ್ಲಿಯೇ ಹೇಳಿದಂತಾಯಿತು. ಧರ್ಮಸಭೆಯ ಕಾನೂನು ಸಂಹಿತೆಯ 1006ನೆಯ ವಿಧಿಯೂ, ತಮ್ಮ ಅರಿವು ಸ್ವಾಧೀನದಲ್ಲಿದ್ದಾಗ ಪರೋಕ್ಷವಾಗಿಯಾದರೂ ಬಯಸಿದ್ದ ರೋಗಿಗಳಿಗೆ ಅಭ್ಯಂಗ ಸಂಸ್ಕಾರ ನೀಡಬೇಕೆನ್ನುತ್ತದೆ. ಪ್ರಜ್ಞೆಯಿಲ್ಲದವರ ಹಣೆಗೆ ತೈಲ ಹಚ್ಚುವಾಗಲೆಲ್ಲ ನಾವು ಒಂದು ಮುಂಗಡ ಇಚ್ಛೆಯನ್ನು ನೆರವೇರಿಸುತ್ತಿರುತ್ತೇವೆ.

ಹಾಗಾದರೆ ಹಿಂದಿನ ಇಚ್ಛೆಯೇ ಎಲ್ಲವನ್ನೂ ನಿರ್ಧರಿಸುವುದೇ? ನ್ಯಾಯತತ್ತ್ವಜ್ಞ ರೊನಾಲ್ಡ್ ಡ್ವೊರ್ಕಿನ್ 1993ರ ತಮ್ಮ ಕೃತಿಯಲ್ಲಿ ಹೌದೆಂದು ವಾದಿಸಿದರು. ಈಗಿನ ವ್ಯಕ್ತಿಯ ಸುಖದುಃಖಗಳನ್ನು ಹಳೆಯ ಪತ್ರ ಅಳಿಸಲಾಗದೆಂದು ರೆಬೆಕಾ ಡ್ರೆಸರ್ ಆಕ್ಷೇಪಿಸಿದರು. ಇಲ್ಲಿಯೂ ಅಕ್ವಿನಾಸರ ಇನ್ನೊಂದು ಮಾತು ನೆರವಾಗುತ್ತದೆ. ಅದೇ ಭಾಗದ 80ನೆಯ ಪ್ರಶ್ನೆಯ 9ನೆಯ ಲೇಖದಲ್ಲಿ, ಹಿಂದೆ ಪರಮಪ್ರಸಾದದ ಮೇಲೆ ಭಕ್ತಿಯಿದ್ದು ಈಗ ಬುದ್ಧಿ ಕಳೆದುಕೊಂಡವರಿಗೆ ಮರಣಕಾಲದಲ್ಲಿ ಅದನ್ನು ನೀಡಬೇಕು, ಆದರೆ ವಾಂತಿ ಮಾಡುವ ಅಥವಾ ಉಗುಳುವ ಭಯವಿದ್ದರೆ ನೀಡಬಾರದು ಎನ್ನುತ್ತಾರೆ. ಅವರ ಮುಖ್ಯ ಕಾಳಜಿ ಸಂಸ್ಕಾರದ ಗೌರವವೇ. ಆದರೂ ಹಿಂದಿನ ಇಚ್ಛೆ ಮಾನ್ಯವಾಗಿರುವಾಗಲೇ ಈಗಿನ ದೇಹದ ಸ್ಥಿತಿಯನ್ನೂ ಗಮನಿಸಬೇಕೆಂಬ ವಿವೇಕ ಅಲ್ಲಿದೆ. ಮನುಷ್ಯನು ದೇಹಾತ್ಮಗಳ ಒಂದೇ ಘಟಕ. ಅಂದು ಸಹಿ ಮಾಡಿದ ಕೈಯೂ ಇಂದು ಚಮಚವನ್ನು ತಳ್ಳುವ ಕೈಯೂ ಒಬ್ಬರದೇ. ಎರಡನ್ನೂ ಓದಬಲ್ಲ ಮನುಷ್ಯರು ಪಕ್ಕದಲ್ಲಿ ಬೇಕು.

ಈ ಹೋಲಿಕೆಗೆ ಒಂದು ಮೇರೆಯುಂಟು. ಸಂಸ್ಕಾರವನ್ನು ಬಯಸುವುದು ಒಳಿತನ್ನು ಬಯಸುವುದು. ತನ್ನನ್ನು ಕೊಲ್ಲಿರೆಂದು ಯಾರನ್ನೂ ಮುಂಗಡವಾಗಿ ಕಟ್ಟಿಹಾಕಲು ಯಾವ ಪತ್ರಕ್ಕೂ ಅಧಿಕಾರವಿಲ್ಲ.

5. ನಮ್ಮ ಕೆಲಸ

ನೆನಪು ಮಾಸಲಾರಂಭಿಸಿದ ಸುದ್ದಿ ಬಂದೊಡನೆ, ತಡಮಾಡದೆ, ಸಂಭಾಷಣೆಯನ್ನು ತೊಡಗಿಸಲು ಕುಟುಂಬಕ್ಕೆ ಹೇಳಬೇಕು. "ಅಮ್ಮನಿಗೆ ಕಾಯಿಲೆಯ ಹೆಸರು ಹೇಳಬೇಡಿ ಫಾದರ್" ಎಂದು ಮಕ್ಕಳು ಕೇಳಿಕೊಳ್ಳುವಲ್ಲಿ, ತಾಯಿಗೆ ಎಷ್ಟನ್ನು ತಿಳಿಯಬೇಕೆನಿಸಿದೆ ಎಂದು ತಾಯಿಯನ್ನೇ ಮೃದುವಾಗಿ ಕೇಳಲು ಅವರಿಗೆ ಧೈರ್ಯ ತುಂಬಬೇಕು. ಒಮ್ಮೆಯಾದರೂ ಆಕೆಯೊಡನೆ ಏಕಾಂತದಲ್ಲಿ ಮಾತನಾಡಲು ವೈದ್ಯರಿಗೆ ಅವಕಾಶವಾಗಲಿ. ಆಕೆಯ ಒಪ್ಪಿಗೆಯಿಂದ ಆಕೆಯದೇ ದನಿಯಲ್ಲಿ, ಮನೆಮಾತಿನಲ್ಲಿ ಮಾಡಿಟ್ಟ ಧ್ವನಿಮುದ್ರಣವು ಮುಂದೆ ಮಕ್ಕಳಿಗೆ ದೊಡ್ಡ ಆಸರೆ. ಆದರೆ ಅದು ಸಹಿ, ಸಾಕ್ಷಿ, ದೃಢೀಕರಣಗಳಿರುವ ಪತ್ರದ ಸ್ಥಾನವನ್ನು ತುಂಬದೆಂದೂ, ಅಸ್ಪಷ್ಟವಾದ ನಿರ್ದೇಶನವನ್ನು ವೈದ್ಯಕೀಯ ಮಂಡಳಿ ಜಾರಿಗೊಳಿಸುವುದಿಲ್ಲವೆಂದೂ ತಿಳಿಸಬೇಕು. ತಾನು ಬಯಸುವ ಸಂಸ್ಕಾರಗಳನ್ನೂ ಪ್ರಾರ್ಥನೆಯನ್ನೂ ಅದೇ ಸಂಭಾಷಣೆಯಲ್ಲಿ ಕೇಳಿ ಬರೆದಿಡುವುದು ನಮ್ಮ ಪಾಲಿನ ಕರ್ತವ್ಯ.

ಕೊನೆಯದಾಗಿ ನಮ್ಮ ಬಗ್ಗೆಯೇ ಒಂದು ಮಾತು. ಹೆಂಡತಿ ಮಕ್ಕಳಿಲ್ಲದ ಯಾಜಕನಿಗೆ ಮರೆವು ಬಂದರೆ ಅವನ ಪರವಾಗಿ ಮಾತನಾಡುವವರು ಯಾರು? ಅಣ್ಣನ ಮಗನೇ, ಸಹಯಾಜಕನೇ, ಧರ್ಮಾಧ್ಯಕ್ಷರೇ? ಜನರಿಗೆ ಬೋಧಿಸುವ ಮೊದಲು ನಾವು ಈ ಪ್ರಶ್ನೆಗೆ ಉತ್ತರ ಬರೆದಿಟ್ಟಿರುವುದು ಒಳಿತು. ನೀನು ಮುದುಕನಾದಾಗ ಬೇರೊಬ್ಬನು ನಿನ್ನ ನಡುಕಟ್ಟಿ ನಿನಗೆ ಇಷ್ಟವಿಲ್ಲದೆಡೆಗೆ ಒಯ್ಯುವನೆಂದು ಯೇಸುಸ್ವಾಮಿ ಪೇತ್ರನಿಗೆ ತಿಳಿಸಿದ್ದು ಕುರಿಗಳನ್ನು ಮೇಯಿಸುವ ಹೊಣೆಯನ್ನು ಒಪ್ಪಿಸಿದ ಗಳಿಗೆಯಲ್ಲಿಯೇ (ಯೊವಾನ್ನ 21:15-18). ಅದು ಮೊದಲಿಗೆ ಪೇತ್ರನ ರಕ್ತಸಾಕ್ಷಿ ಮರಣವನ್ನು ಕುರಿತ ಮಾತು. ಆದರೂ ಇತರರ ಕೈಗೆ ಒಪ್ಪಿಸಲ್ಪಡುವ ಪ್ರತಿಯೊಂದು ಮುಪ್ಪಿಗೂ ಅದು ಸಲ್ಲುತ್ತದೆ. ನಮ್ಮನ್ನು ಒಯ್ಯುವ ಕೈಗಳಿಗೆ ನಮ್ಮ ಮನಸ್ಸು ತಿಳಿದಿರುವಂತೆ ಮಾಡುವುದು ಇಂದು ಸಾಧ್ಯ. ಅದೂ ಮರೆತುಹೋದ ದಿನ, ತಾಯಿ ಮರೆತರೂ ಮರೆಯೆನೆಂದು ಪ್ರವಾದಿ ಯೆಶಾಯನ ಮೂಲಕ (49:15) ಮಾತು ಕೊಟ್ಟ ದೇವರು ನಮ್ಮನ್ನು ನೆನೆಯುತ್ತಾರೆ. ಆ ನೆನಪಿನಲ್ಲಿ ಪಾಲುಗೊಳ್ಳುವುದೇ ಧರ್ಮಸಭೆಯ ಆರೈಕೆ.