ಪುಸ್ತಕದ ಹಬ್ಬ ಮುಗಿದ ಮಾರನೇ ದಿನ

ಬಿ.ಇ. ಓದುತ್ತಿರುವವರಿಗೆ ಇದನ್ನು ಹೇಳಬೇಕಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ವಿಟಿಯು ಕಾಲೇಜುಗಳಲ್ಲಿ ಎಂಟೂ ಸೆಮಿಸ್ಟರ್ ಪಾಸಾದ ಮಾತ್ರಕ್ಕೆ ಡಿಗ್ರಿ ಕೈಗೆ ಬರುವುದಿಲ್ಲ. ಜತೆಗೆ ಎಐಸಿಟಿಇ ಆ್ಯಕ್ಟಿವಿಟಿ ಪಾಯಿಂಟ್ಸ್ ಅಂತ 100 ಅಂಕ ಗಳಿಸಿರಬೇಕು. ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಸೇರಿದವರಿಗೆ 75. ಇದು ಸಿಜಿಪಿಎಗೆ ಸೇರುವುದಿಲ್ಲ, ಆದರೆ ಇಲ್ಲದಿದ್ದರೆ ಡಿಗ್ರಿಯೂ ಇಲ್ಲ. ಹಳ್ಳಿಗೋ ಶಾಲೆಗೋ ಹೋಗಿ ಏನಾದರೂ ಕೆಲಸ ಮಾಡಿ, ಫೋಟೊ ತೆಗೆದು, ವರದಿ ಬರೆದು ಕೊಡಬೇಕು. ಹೀಗಾಗಿ ಪ್ರತಿ ವರ್ಷ ಗಿಡ ನೆಡುವವರು ಬದಲಾಗುತ್ತಾರೆ, ಗುಂಡಿ ಮಾತ್ರ ಅದೇ ಇರುತ್ತದೆ.

ಹಾಸನದಲ್ಲಿ ಓದುತ್ತಿರುವ ನಾವು ಐದು ಜನ ಕಳೆದ ನವೆಂಬರಿನಲ್ಲಿ 14 ಕಿಲೋಮೀಟರ್ ದೂರದ ಹಳ್ಳಿಯೊಂದರ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯನ್ನು ಆರಿಸಿಕೊಂಡೆವು. ಒಂದರಿಂದ ಐದನೇ ಕ್ಲಾಸು, 43 ಮಕ್ಕಳು, ಇಬ್ಬರು ಮಿಸ್. ನವೆಂಬರ್ 14 ಮಕ್ಕಳ ದಿನಾಚರಣೆ ಅನ್ನುವುದು ಎಲ್ಲರಿಗೂ ಗೊತ್ತು. ಅವತ್ತಿನಿಂದ 20ರವರೆಗೆ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹ ಕೂಡ ಇರುತ್ತದೆ. ಎರಡನ್ನೂ ಸೇರಿಸಿ ಶಾಲೆಯಲ್ಲೇ ಒಂದು ಪುಸ್ತಕದ ಹಬ್ಬ ಮಾಡೋಣ ಎಂದಿದ್ದು ನನ್ನ ರೂಮ್‌ಮೇಟ್. ಕಲಬುರಗಿಯವಳು. ‘ಗಿಡ ಹಚ್ಚೋದು ಸಾಕಾಗ್ಯದ, ಬ್ಯಾರೆ ಏನರ ಮಾಡೂಣು’ ಎನ್ನುವುದು ಅವಳ ಕಾರಣ.

ಶಾಲೆಯಲ್ಲಿ ಪುಸ್ತಕಗಳಿದ್ದವು, ಕಡಿಮೆಯೇನೂ ಅಲ್ಲ, 212. ಸಮಗ್ರ ಶಿಕ್ಷಣದಡಿ ಪ್ರಾಥಮಿಕ ಶಾಲೆಗೆ ಲೈಬ್ರರಿ ಪುಸ್ತಕಕ್ಕೆಂದು ವರ್ಷಕ್ಕೆ 5,000 ರೂಪಾಯಿವರೆಗೆ ಅನುದಾನ ಕೊಡಲು ಅವಕಾಶವಿದೆ. ಹಾಗೆ ಬಂದವು, ದಾನಿಗಳು ಕೊಟ್ಟವು ಎಲ್ಲವೂ ಹೆಡ್ ಮಿಸ್ ರೂಮಿನ ಸ್ಟೀಲ್ ಬೀರುವಿನಲ್ಲಿ ಸೇರಿದ್ದವು. ಕೆಲವು ಕಟ್ಟುಗಳ ಸುತ್ತಲಿ ದಾರವನ್ನು ಯಾರೂ ಬಿಚ್ಚಿರಲಿಲ್ಲ. ಮೂಗಿಗೆ ಹೊಸ ಪುಸ್ತಕದ ವಾಸನೆಗಿಂತ ನುಸಿಗುಳಿಗೆಯ ವಾಸನೆಯೇ ಜೋರಾಗಿ ಬಡಿಯಿತು.

‘ಹಬ್ಬ ಮಾಡ್ರಮ್ಮ, ಬೇಡ ಅನ್ನಲ್ಲ. ಆದ್ರೆ ಸಂಜೆಗೆ 212 ಪುಸ್ತಕಾನೂ ಎಣಿಸಿ ಒಳಗಿಡ್ಬೇಕು. ನಾನು ಟ್ರಾನ್ಸ್‌ಫರ್ ಆಗೋವಾಗ ಒಂದು ಕಡಿಮೆ ಬಂದ್ರೂ ಚಾರ್ಜ್ ಹೇಗೆ ಕೊಡಲಿ?’ ಎಂದರು ಹೆಡ್ ಮಿಸ್.

ಹೊರಗೆ ಬಂದ ಮೇಲೆ ನಮ್ಮ ಗುಂಪಿನಲ್ಲಿ ಅವರನ್ನು ಬೈದವರೂ ಇದ್ದರು. ನನಗೆ ಬೈಯಬೇಕು ಅನ್ನಿಸಲಿಲ್ಲ. ಅವರ ಮೇಜು ನೋಡಿದ್ದೆ. ಬಿಸಿಯೂಟದ ಅಕ್ಕಿ-ಬೇಳೆ ಲೆಕ್ಕ, ಮೊಟ್ಟೆ ಲೆಕ್ಕ, ಹಾಲಿನ ಪುಡಿ ಲೆಕ್ಕ, ಎಸ್‌ಎಟಿಎಸ್‌ಗೆ ಮಕ್ಕಳ ವಿವರ ತುಂಬುವ ಕೆಲಸ, ಇವುಗಳ ನಡುವೆ ನಾಲ್ಕು-ಐದನೇ ಕ್ಲಾಸಿಗೆ ಪಾಠ. ಇನ್ನೊಬ್ಬ ಮಿಸ್ ನಲಿ-ಕಲಿಯಲ್ಲಿ ಒಂದು, ಎರಡು, ಮೂರನೇ ಕ್ಲಾಸಿನ ಮಕ್ಕಳನ್ನು ಒಟ್ಟಿಗೇ ಕೂರಿಸಿಕೊಳ್ಳಬೇಕು. ಮಗು ಪುಸ್ತಕ ಓದಿದರೆ ಅದು ಯಾವ ರಿಜಿಸ್ಟರಿಗೂ ಏರುವುದಿಲ್ಲ, ಕಳೆದರೆ ಮಾತ್ರ ಏರುತ್ತದೆ. ಅಂಥ ಲೆಕ್ಕದಲ್ಲಿ ಯಾರೇ ಆದರೂ ಬೀಗ ಹಾಕುತ್ತಾರೆ.

ಇದು ನಮ್ಮ ಕಾಲದ, ನಮ್ಮ ಊರಿನ ಸಮಸ್ಯೆಯೂ ಅಲ್ಲ. ಹಿಂದೆ ಯುರೋಪಿನ ಗ್ರಂಥಾಲಯಗಳಲ್ಲಿ ಪುಸ್ತಕಗಳನ್ನು ಸರಪಳಿ ಹಾಕಿ ಕಪಾಟಿಗೆ ಬಿಗಿಯುತ್ತಿದ್ದರು. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎನ್ನಿಸಿಕೊಂಡ ಎಸ್.ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯಕ್ಕೆ ಐದು ಸೂತ್ರಗಳನ್ನು ಕೊಟ್ಟರು. ಪುಸ್ತಕ ಇರುವುದು ಬಳಕೆಗೆ ಎನ್ನುವುದೇ ಅದರಲ್ಲಿ ಮೊದಲನೆಯದು. ಇಷ್ಟು ಸರಳ ಮಾತನ್ನು ಸೂತ್ರ ಮಾಡಿ ಬರೆಯಬೇಕಾಯಿತು ಅಂದರೆ ಆಗಿನ ಸ್ಥಿತಿ ಹೇಗಿದ್ದಿರಬೇಕು! ಅಂದಹಾಗೆ ಅವರು ಮೂಲತಃ ಗಣಿತದ ಮೇಷ್ಟ್ರು. 1962ರಲ್ಲಿ ನಮ್ಮ ಬೆಂಗಳೂರಿನಲ್ಲೇ ಡಿಆರ್‌ಟಿಸಿ ಎಂಬ ಸಂಶೋಧನೆ ಮತ್ತು ತರಬೇತಿ ಕೇಂದ್ರ ಕಟ್ಟಿದರು. ಮ್ಯಾಥ್ಸ್ ಓದಿದರೆ ಏನು ಪ್ರಯೋಜನ ಎಂದು ಕೇಳುವ ನನ್ನ ಕ್ಲಾಸ್‌ಮೇಟ್‌ಗಳಿಗೆ ಈ ವಿಷಯ ಅರ್ಪಣೆ.

ಹಬ್ಬಕ್ಕೆ ಎರಡು ದಿನ ಮೊದಲು ಪುಸ್ತಕ ವಿಂಗಡಿಸಲು ಕೂತೆವು. ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟ ಕೆಲಸ ಇದೇ. ಪ್ರಥಮ್ ಬುಕ್ಸ್‌ನ ತೆಳು ಪುಸ್ತಕಗಳ ಮೇಲೆ ಒಂದರಿಂದ ನಾಲ್ಕರವರೆಗೆ ಓದಿನ ಹಂತ ನಮೂದಾಗಿರುತ್ತದೆ. ಉಳಿದವಕ್ಕೆ ಅದು ಇರಲಿಲ್ಲ. ರೂಮ್ ಟು ರೀಡ್ ಸಂಸ್ಥೆಯವರು ಆರು ಬಣ್ಣಗಳಲ್ಲಿ ಪುಸ್ತಕಗಳನ್ನು ಹಂತವಾರು ವಿಂಗಡಿಸುತ್ತಾರೆ ಎಂದು ಓದಿದ್ದೆ. ನಮಗೆ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಕ್ಕಿದ್ದು ಕೆಂಪು, ಹಸಿರು, ಹಳದಿ, ನೀಲಿ ಇನ್ಸುಲೇಷನ್ ಟೇಪ್. ನಾಲ್ಕೇ ಬಣ್ಣ ಸಾಕು ಎಂದುಕೊಂಡೆವು. ಪುಟಕ್ಕೆ ಒಂದೆರಡು ಸಾಲಿದ್ದರೆ ಹಸಿರು, ಒತ್ತಕ್ಷರ ಹೆಚ್ಚಾದಂತೆ ಹಳದಿ, ನೀಲಿ, ಕೊನೆಗೆ ಕೆಂಪು. ಬೆನ್ನಿಗೆ ಒಂದೊಂದು ಪಟ್ಟಿ ಅಂಟಿಸಿದ್ದಾಯಿತು.

ವಿಂಗಡಿಸುವಾಗಲೇ ಒಂದು ವಿಷಯ ಕಣ್ಣಿಗೆ ಹೊಡೆಯಿತು. ಮಕ್ಕಳಿಗೆಂದು ಬಂದ ಪುಸ್ತಕಗಳಲ್ಲಿ ಮೂರನೇ ಒಂದು ಭಾಗ ಮಕ್ಕಳಿಗಾಗಿ ಇರಲೇ ಇಲ್ಲ. ದಪ್ಪ ರಟ್ಟು, ಸಣ್ಣ ಅಕ್ಷರ, ಮುಖಪುಟದಲ್ಲಿ ಮೀಸೆಯ ಮಹನೀಯರು, ಒಳಗೆ ಚಿತ್ರವೇ ಇಲ್ಲ. ಪುಸ್ತಕ ಕೊಳ್ಳುವ ದೊಡ್ಡವರಿಗೆ ಇಷ್ಟವಾಗುವ ಪುಸ್ತಕಗಳು ಅವು. ಕನ್ನಡದಲ್ಲಿ ಮಕ್ಕಳಿಗೆ ಬರೆದವರೇ ಇಲ್ಲ ಎಂಬ ಕೊರಗಂತೂ ಸುಳ್ಳು. ಶಿವರಾಮ ಕಾರಂತರು 1936ರಷ್ಟು ಹಿಂದೆಯೇ ಮಕ್ಕಳಿಗಾಗಿ ‘ಬಾಲ ಪ್ರಪಂಚ’ದ ಮೂರು ಸಂಪುಟ ತಂದರು. ಪಂಜೆ, ರಾಜರತ್ನಂ ಹೆಸರು ಹೇಳಲೇಬೇಕಿಲ್ಲ. ಭಾರತ-ಭಾರತಿ ಮಾಲೆಯಲ್ಲಿ 510 ಪುಟ್ಟ ಪುಸ್ತಕಗಳು ಬಂದಿದ್ದವು, ನಮ್ಮಪ್ಪ ಅವನ್ನು ಓದಿಯೇ ಬೆಳೆದಿದ್ದಂತೆ. 2010ರಲ್ಲಿ ಸಾಹಿತ್ಯ ಅಕಾಡೆಮಿ ಬಾಲ ಸಾಹಿತ್ಯ ಪುರಸ್ಕಾರ ಶುರುಮಾಡಿದಾಗ ಕನ್ನಡಕ್ಕೆ ಬಂದ ಮೊದಲ ಪ್ರಶಸ್ತಿ ಬೊಳುವಾರು ಮಹಮದ್ ಕುಂಞಿ ಅವರ ಗಾಂಧಿ ಕಥೆಗೆ. ಬರೆಯುವವರು ಇದ್ದಾರೆ. ಬರೆದದ್ದು ಆ ಬೀರು ತಲುಪುವ ದಾರಿಯಲ್ಲಿ ಎಲ್ಲೋ ಏನೋ ಆಗುತ್ತದೆ.

ಹಬ್ಬದ ದಿನ ಮುಖ್ಯ ಅತಿಥಿ, ಮೈಕು, ದೀಪ, ಹಾರ ಎಲ್ಲ ಇತ್ತು. 15 ನಿಮಿಷದಲ್ಲಿ ಮುಗಿಸಿಕೊಟ್ಟ ಅತಿಥಿಗಳಿಗೆ ನಮಸ್ಕಾರ.

ಆಮೇಲೆ ಜಗಲಿಯ ಕಂಬದಿಂದ ಕಂಬಕ್ಕೆ ನೈಲಾನ್ ಹಗ್ಗ ಕಟ್ಟಿ, ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಪುಸ್ತಕಗಳನ್ನು ನೇತುಹಾಕಿದೆವು. ಒಂದನೇ ಕ್ಲಾಸಿನವರ ಎತ್ತರಕ್ಕೆ ಹಸಿರು ಪಟ್ಟಿಯವು, ಮೇಲಿನ ಹಗ್ಗಕ್ಕೆ ಉಳಿದವು. ಮುಖಪುಟ ಕಾಣುವಂತೆ ಇಟ್ಟರೆ ಮಕ್ಕಳು ಪುಸ್ತಕವನ್ನು ಮಿಠಾಯಿ ಅಂಗಡಿಯ ಭರಣಿ ನೋಡಿದ ಹಾಗೆ ನೋಡುತ್ತಾರೆ. ಬೆನ್ನು ತೋರಿಸಿ ಜೋಡಿಸಿದಾಗ ಕಣ್ಣೆತ್ತಿಯೂ ನೋಡುವುದಿಲ್ಲ. ರೂಮ್‌ಮೇಟ್ ಒಂದು ಚಿತ್ರಪುಸ್ತಕವನ್ನು ಮಕ್ಕಳ ಕಡೆ ತಿರುಗಿಸಿ ಹಿಡಿದು ಗಟ್ಟಿಯಾಗಿ ಓದಿದಳು. ಕಥೆಯ ಆನೆ ಕಲಬುರಗಿ ಕನ್ನಡದಲ್ಲಿ ‘ಹೌದೇನ್ರಿ?’ ಎನ್ನುವುದನ್ನು ಕೇಳಿ ಹಾಸನದ ಮಕ್ಕಳು ಬಿದ್ದು ಬಿದ್ದು ನಕ್ಕರು. ಆ ಆನೆಯನ್ನು ಮೂರು ಸಲ ಓದಿಸಿದರು. ಹರಿದ ಕೊಡೆಯ ಬಟ್ಟೆ ಸುತ್ತಿಕೊಂಡು ಒಬ್ಬ ಕಾಗೆಯಾದ. ಕಥೆಯ ಪಾತ್ರಕ್ಕೆ ಪತ್ರ ಬರೆಯುವ ಆಟದಲ್ಲಿ ಒಬ್ಬಳು ನರಿಗೆ ‘ನಮ್ಮೂರಿಗೆ ಬರಬೇಡ, ಕೋಳಿ ಇದೆ’ ಎಂದು ಬರೆದಳು.

ನಾನು ಇವತ್ತಿಗೂ ಯೋಚಿಸುವುದು ನಾಲ್ಕನೇ ಕ್ಲಾಸಿನ ಒಬ್ಬ ಹುಡುಗನ ಬಗ್ಗೆ. ‘ಅವನಿಗೆ ಓದಕ್ಕೆ ಬರಲ್ಲ ಅಕ್ಕಾ’ ಎಂದು ಅವನ ಎದುರಿಗೇ ಮೂರು ಜನ ನನಗೆ ವರದಿ ಕೊಟ್ಟರು. ಒತ್ತಕ್ಷರ ಬಂದರೆ ಅವನು ನಿಂತುಬಿಡುತ್ತಿದ್ದ ನಿಜ. ಅವನು ಹಗ್ಗದಿಂದ ಕಿತ್ತುಕೊಂಡಿದ್ದು ಹಸಿರು ಪಟ್ಟಿಯ, ಬರೀ ಚಿತ್ರಗಳೇ ಇದ್ದ ಪುಸ್ತಕ. ಒಂದನೇ ಕ್ಲಾಸಿನ ನಾಲ್ಕು ಮಕ್ಕಳನ್ನು ಸಂಪಿಗೆ ಮರದ ಕಟ್ಟೆಯ ಮೇಲೆ ಕೂರಿಸಿಕೊಂಡು ಕಥೆ ಶುರುಮಾಡಿದ. ಪುಸ್ತಕದಲ್ಲಿ ಹುಡುಗಿಯೊಬ್ಬಳು ಸಂತೆಗೆ ಹೋಗುತ್ತಾಳೆ. ಇವನ ಕಥೆಯಲ್ಲಿ ಅವಳು ಆಲೂಗೆಡ್ಡೆ ಮಾರಲು ಹೋದಳು, ರೇಟು ಬಿದ್ದಿತ್ತು, ಅವಳಪ್ಪ ಮೂಟೆ ವಾಪಸ್ ತರಲು ಆಟೋದವನ ಜತೆ ಚೌಕಾಸಿ ಮಾಡಿದ. ಆ ಪುಟದಲ್ಲಿ ಆಟೋನೂ ಇಲ್ಲ, ಆಲೂಗೆಡ್ಡೆಯೂ ಇಲ್ಲ. 20 ನಿಮಿಷ ಚಿಕ್ಕ ಮಕ್ಕಳು ಅಲ್ಲಾಡಲಿಲ್ಲ. ಹೆಡ್ ಮಿಸ್ ಕಿಟಕಿಯಿಂದ ನೋಡುತ್ತಿದ್ದರು. ‘ಇವನು ಇಷ್ಟು ಮಾತಾಡ್ತಾನಾ?’ ಎಂದು ಯಾರನ್ನೂ ಉದ್ದೇಶಿಸದೆ ಕೇಳಿದರು.

ಸಂಜೆ ಎಣಿಸಿದೆವು. 212 ಸರಿಯಾಗಿತ್ತು. ಬೀಗ ಬಿತ್ತು. ಮೂರನೇ ಕ್ಲಾಸಿನ ಹುಡುಗಿಯೊಬ್ಬಳು ನನ್ನ ದುಪಟ್ಟಾ ಎಳೆದು, ‘ಅಕ್ಕಾ, ಮೊಲದ್ದು ಅರ್ಧ ಓದಿದೀನಿ. ಮನೆಗ್ ತಗೊಂಡೋಗ್ಬೋದಾ?’ ಎಂದಳು. ನನ್ನ ಹತ್ತಿರ ಉತ್ತರವಿರಲಿಲ್ಲ.

ಇಂಥ ಹಬ್ಬಗಳು ಜಗತ್ತಿನಲ್ಲೆಲ್ಲ ಇವೆ. ಏಪ್ರಿಲ್ 2, ಡೆನ್ಮಾರ್ಕಿನ ಕಥೆಗಾರ ಹ್ಯಾನ್ಸ್ ಕ್ರಿಶ್ಚಿಯನ್ ಆ್ಯಂಡರ್ಸನ್ ಹುಟ್ಟಿದ ದಿನ. 1967ರಿಂದ ಅದನ್ನು ಅಂತರರಾಷ್ಟ್ರೀಯ ಮಕ್ಕಳ ಪುಸ್ತಕ ದಿನವೆಂದು ಆಚರಿಸುತ್ತಾರೆ. ಸೆಪ್ಟೆಂಬರ್ 8ರ ಸಾಕ್ಷರತಾ ದಿನದ ಹೊತ್ತಿಗೆ ಪ್ರಥಮ್ ಬುಕ್ಸ್ ಪ್ರತಿ ವರ್ಷ ಒಂದೇ ಕಥೆಯನ್ನು ಸಾವಿರಾರು ಕಡೆ ಸ್ವಯಂಸೇವಕರಿಂದ ಓದಿಸುತ್ತದೆ. ಆದರೆ ಆ ಹುಡುಗಿಯ ಪ್ರಶ್ನೆ ಹಬ್ಬದ ದಿನದ್ದಲ್ಲ, ಮಾರನೇ ದಿನದ್ದು. ಬಸ್ಸಿನಲ್ಲಿ ಐದೂ ಜನ ಅದನ್ನೇ ಮಾತಾಡಿಕೊಂಡು ಬಂದೆವು. ನಮ್ಮ ವರದಿಗೆ ಬೇಕಾದ ಫೋಟೊ ಅಷ್ಟೊತ್ತಿಗೆ ಸಿಕ್ಕಿತ್ತು, ಬೇಕಿದ್ದರೆ ಅಲ್ಲಿಗೇ ಬಿಡಬಹುದಿತ್ತು.

ಮಾರನೇ ದಿನ ಶನಿವಾರ, ಬೆಳಗಿನ ಶಾಲೆ. ಮತ್ತೆ ಹೋದೆವು. ಹೆಡ್ ಮಿಸ್ ಹತ್ತಿರ ಓದಿನ ಮಹತ್ವದ ಬಗ್ಗೆ ಒಂದಕ್ಷರ ಮಾತಾಡಲಿಲ್ಲ, ಅದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಕಳೆದ ಪುಸ್ತಕದ ಹೊಣೆ ಯಾರದು ಎನ್ನುವುದನ್ನಷ್ಟೇ ಹಿಡಿದು ಕೂತೆವು. ದಾರಿ ತೋರಿಸಿದವರು ಎಸ್‌ಡಿಎಂಸಿ ಅಧ್ಯಕ್ಷೆ. ಊರಲ್ಲಿ ಚಿಲ್ಲರೆ ಅಂಗಡಿ ಇಟ್ಟಿದ್ದಾರೆ, ಮಗ ಎರಡನೇ ಕ್ಲಾಸು. ‘ಗಣಪತಿ ಕೂರ್ಸಕ್ಕೆ ಮನೆಮನೆಗೆ ಚಂದಾ ಎತ್ತಲ್ವಾ? ವರ್ಷಕ್ಕೆ ಹತ್ತು ಪುಸ್ತಕ ಹೋದ್ರೆ ಊರೋರೇ ತಂದ್ಕೊಟ್ರಾಯ್ತು. ಬರ್ಕೊಳಿ ಮಿಸ್ಸೇ’ ಎಂದರು. ಆ ವಾರದ ಸಭೆಯಲ್ಲಿ ಅದೇ ಠರಾವಾಯಿತು. ಕಳೆದುಹೋಗುವ ಪುಸ್ತಕಗಳಿಗೆ, ವರ್ಷಕ್ಕೆ ಹತ್ತರವರೆಗೆ, ಸಮಿತಿಯೇ ಬದಲಿ ಕೊಡಿಸುತ್ತದೆ. ಎರಡು ಸಾಲಿನ ಠರಾವು. ಎರಡು ದಿನದ ನಮ್ಮ ಟೇಪು, ಹಗ್ಗ, ಕ್ಲಿಪ್ಪು ಮಾಡಲಾಗದ ಕೆಲಸವನ್ನು ಅದು ಮಾಡಿತು.

ಉಳಿದದ್ದು ಸಲೀಸು. ಉದ್ದನೆಯ ನೋಟ್‌ಬುಕ್ಕಿಗೆ ಗೆರೆ ಎಳೆದು ಪುಸ್ತಕದ ಹೆಸರು, ಒಯ್ದವರು, ದಿನಾಂಕ, ವಾಪಸ್, ಷರಾ ಎಂದು ಐದು ಕಾಲಂ ಮಾಡಿಕೊಟ್ಟೆವು. ಐದನೇ ಕ್ಲಾಸಿನವರು ವಾರಕ್ಕಿಬ್ಬರಂತೆ ಲೈಬ್ರೇರಿಯನ್. ಪ್ರತಿ ಶನಿವಾರ ಬೆಳಗ್ಗೆ ಬೀರು ತೆರೆಯುತ್ತದೆ. ಹರಿದವಕ್ಕೆ ಒಂದು ರಟ್ಟಿನ ಡಬ್ಬ, ಅದರೊಳಗೆ ಟೇಪು, ಕತ್ತರಿ. ಅದಕ್ಕೆ ‘ಪುಸ್ತಕದ ಆಸ್ಪತ್ರೆ’ ಎಂದು ಮಕ್ಕಳೇ ಬೋರ್ಡ್ ಹಾಕಿದರು. ಮೀಸೆಯ ಮಹನೀಯರ ಜಾಗ ತುಂಬಲು ಸ್ಟೋರಿವೀವರ್‌ನಿಂದ ಕನ್ನಡದ ಕಥೆಗಳನ್ನು ಇಳಿಸಿಕೊಂಡು ಪ್ರಿಂಟ್ ಹಾಕಿಸಿದೆವು. 2015ರಲ್ಲಿ ಪ್ರಥಮ್ ಬುಕ್ಸ್ ಶುರುಮಾಡಿದ ತಾಣ ಅದು. ಬರೆದವರ, ಚಿತ್ರ ಬಿಡಿಸಿದವರ ಹೆಸರು ಉಳಿಸಿಕೊಂಡು ಯಾರು ಬೇಕಾದರೂ ಮುದ್ರಿಸಿಕೊಳ್ಳಬಹುದು. ಪಕ್ಕದೂರಿನ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೂ ಮಕ್ಕಳನ್ನು ಕರೆದೊಯ್ದೆವು. 2020ರಲ್ಲಿ ಶುರುವಾದ ‘ಓದುವ ಬೆಳಕು’ ಯೋಜನೆಯಿಂದ 6ರಿಂದ 18 ವರ್ಷದವರಿಗೆ ಅಲ್ಲಿ ಸದಸ್ಯತ್ವ ಉಚಿತ. ಆ ಊರಿನಲ್ಲಿ ಇದು ಗೊತ್ತಿದ್ದವರು ಒಬ್ಬಿಬ್ಬರೇ.

ಪ್ರಿಂಟ್ ಬಿಟ್ಟರೆ ನಮ್ಮ ಖರ್ಚು 640 ರೂಪಾಯಿ. ಐದು ಜನಕ್ಕೆ ಹಂಚಿದರೆ ಒಂದು ಪಿಜ್ಜಾ ಕೂಡ ಬರುವುದಿಲ್ಲ. ಆ್ಯಕ್ಟಿವಿಟಿ ಪಾಯಿಂಟ್ಸ್ ಸಿಕ್ಕವು. ವರದಿ ನಮೂನೆಯಲ್ಲಿ ‘ಫಲಾನುಭವಿಗಳ ಸಂಖ್ಯೆ’ ಎಂಬ ಕಾಲಂ ಇತ್ತು, 43 ಎಂದು ಬರೆದೆವು. ಮನೆಗೆ ಹೋದ ಪುಸ್ತಕಗಳ ಸಂಖ್ಯೆ ಬರೆಯಲು ಜಾಗವಿರಲಿಲ್ಲ.

ಇಂಟರ್ನಲ್ಸ್ ಮುಗಿಸಿ ಫೆಬ್ರುವರಿಯಲ್ಲಿ ಮತ್ತೆ ಹೋಗಿದ್ದೆ. ರಿಜಿಸ್ಟರಿನಲ್ಲಿ 371 ಸಾಲು ತುಂಬಿತ್ತು. ಕಳೆದದ್ದು 3, ಆಸ್ಪತ್ರೆಗೆ ಸೇರಿದ್ದು 19. ಹರಿದವೆಲ್ಲ ಹೆಚ್ಚುಕಡಿಮೆ ಹಸಿರು, ಹಳದಿ ಪಟ್ಟಿಯವು. ಕೆಂಪು ಪಟ್ಟಿಯ ರಟ್ಟಿನ ಪುಸ್ತಕಗಳು ಹೊಚ್ಚ ಹೊಸದಾಗಿ ಇದ್ದಲ್ಲೇ ಇದ್ದವು. ಆಲೂಗೆಡ್ಡೆ ಕಥೆಯ ಹುಡುಗನ ಹೆಸರು 14 ಕಡೆ ಇತ್ತು, ಕೊನೆಯ ನಾಲ್ಕು ಹಳದಿ. ಮೊಲದ ಪುಸ್ತಕ ಆ ಹುಡುಗಿಯ ಮನೆಗೆ ಮೂರು ಸಲ ಹೋಗಿತ್ತು. ಯಾಕೆ ಅಂದರೆ, ‘ಅಜ್ಜಿ ಕೇಳ್ತು’ ಎಂದಳು.

ನಾನು ಬಹಳ ಹೊತ್ತು ನೋಡಿದ್ದು ಷರಾ ಕಾಲಂ. ಲೈಬ್ರೇರಿಯನ್ನರು ಅದನ್ನು ಭಾರಿ ಗಂಭೀರವಾಗಿ ತೆಗೆದುಕೊಂಡಿದ್ದರು. ‘ಸಾರು ಬಿದ್ದಿದೆ.’ ‘ತಮ್ಮ ಆನೆಗೆ ಮೀಸೆ ಬರೆದ.’ ‘ಚೆನ್ನಾಗಿದೆ, ನಾನೂ ಓದಿದೆ.’ ‘ಕೊನೆ ಪುಟ ಇಲ್ಲ, ಕಥೆ ಬಾಯಲ್ಲಿ ಹೇಳಿದಳು.’ ಜನವರಿಯ ಒಂದು ಶನಿವಾರದ ಎದುರಿಗೆ, ನೀಲಿ ಪೆನ್ನಿನಲ್ಲಿ, ಕೆಳಗೆ ಪೂರ್ತಿ ಸಹಿ ಸಮೇತ: ‘ಕರು ತಿಂದಿದೆ.’