ಅಂಗಡಿ ಮಾಲು ತರೋ ಗಾಡಿಗೂ ಎಫ್‌ಸಿ ಬೇಕಾ? ಓಡಿಸೋನಿಗೆ ಯಾವ ಡಿಎಲ್ ಬೇಕು?

ಕಿರಾಣಿ, ಹಾರ್ಡ್‌ವೇರ್, ಗೊಬ್ಬರದ ಅಂಗಡಿಯವರಲ್ಲಿ ಅನೇಕರು ಈಗ ಸ್ವಂತ ಲಗೇಜ್ ಆಟೊ ಇಲ್ಲವೇ ಟಾಟಾ ಏಸ್ ಇಟ್ಟುಕೊಂಡಿದ್ದಾರೆ. ‘ನಾವೇನು ಬಾಡಿಗೆಗೆ ಬಿಡಲ್ಲ, ನಮ್ಮ ಮಾಲು ನಾವು ತರ್ತೀವಿ, ಎಫ್‌ಸಿ ಯಾಕೆ’ ಅನ್ನೋದು ಸಾಮಾನ್ಯ ಮಾತು. ಆದರೆ ಕಾನೂನು ನೋಡೋದು ಗಾಡಿಯನ್ನು, ಮಾಲು ಯಾರದ್ದು ಅಂತಲ್ಲ. ಸರಕು ಸಾಗಿಸಲಿಕ್ಕೆಂದೇ ತಯಾರಾದ ಗಾಡಿ ಸಾರಿಗೆ ವಾಹನವೇ. ಅದಕ್ಕೆ ಎಫ್‌ಸಿ ಕಡ್ಡಾಯ.

ಈ ಗೊಂದಲಕ್ಕೆ ಒಂದು ಕಾರಣವೂ ಇದೆ. ಒಟ್ಟು ತೂಕ 3,000 ಕೆ.ಜಿ. ಮೀರದ ಸರಕು ಗಾಡಿಗೆ ಮೋಟಾರು ವಾಹನ ಕಾಯ್ದೆಯ 66ನೇ ಸೆಕ್ಷನ್‌ನಲ್ಲಿ ಪರ್ಮಿಟ್ ವಿನಾಯಿತಿ ಇದೆ. ಪರ್ಮಿಟ್ ಬೇಡ ಅಂದಮೇಲೆ ಎಫ್‌ಸಿಯೂ ಬೇಡ ಅಂತ ಕೆಲವರು ತಿಳಿದುಕೊಂಡಿದ್ದಾರೆ. ಎರಡೂ ಬೇರೆ ಬೇರೆ.

ಹೊಸ ಗಾಡಿಗೆ ಮೊದಲ ಎಫ್‌ಸಿ 2 ವರ್ಷಕ್ಕೆ. ಗಾಡಿಗೆ 8 ವರ್ಷ ಆಗುವವರೆಗೆ 2 ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಮಾಡಿಸಬೇಕು. ವೈಟ್ ಬೋರ್ಡ್ ಕಾರು, ಬೈಕಿಗೆ 15 ವರ್ಷ ತುಂಬಿದಾಗ ತಪಾಸಣೆ ಮಾಡಿಸಿ ಆರ್‌ಸಿ ನವೀಕರಿಸಬೇಕು, ಅದು 5 ವರ್ಷಕ್ಕೆ ಸಿಗುತ್ತದೆ. ತಾರೀಕು ಮರೆತಿದ್ದರೆ ಎಂಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿ ನೋಡಬಹುದು.

ತಪ್ಪಿದರೆ? 56ನೇ ಸೆಕ್ಷನ್ ಪ್ರಕಾರ ಎಫ್‌ಸಿ ಇಲ್ಲದ ಸಾರಿಗೆ ವಾಹನಕ್ಕೆ ಕ್ರಮಬದ್ಧ ನೋಂದಣಿಯೇ ಇಲ್ಲ ಅಂತ ಅರ್ಥ. ದಂಡ ಕಟ್ಟಿ ಬರಬಹುದು, ಅದು ದೊಡ್ಡ ವಿಷಯವಲ್ಲ. ನಿಜವಾದ ಪೆಟ್ಟು ಅಪಘಾತವಾದಾಗ ಬೀಳೋದು. ಗಾಡಿ ರಿಪೇರಿಯ ಕ್ಲೇಮನ್ನು ವಿಮಾ ಕಂಪನಿ ತಿರಸ್ಕರಿಸಲು ಇದೇ ಸಾಕು. ಗಾಯಗೊಂಡವರಿಗೆ ಕಂಪನಿ ಮೊದಲು ಪರಿಹಾರ ಕೊಟ್ಟು, ಆ ಹಣವನ್ನು ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ ಅಂತ ಕೋರ್ಟುಗಳು ಹೇಳಿದ ಉದಾಹರಣೆಗಳಿವೆ. ಅಂಗಡಿಯನ್ನೇ ಮಾರಬೇಕಾದಷ್ಟು ಮೊತ್ತ ಅದಾಗಬಹುದು.

ತಪಾಸಣೆಯಲ್ಲಿ ಬ್ರೇಕ್ ಇನ್‌ಸ್ಪೆಕ್ಟರ್ ನೋಡೋದು ಬ್ರೇಕ್, ಸ್ಟೀರಿಂಗ್, ಹೆಡ್‌ಲೈಟ್, ಇಂಡಿಕೇಟರ್, ಹಾರ್ನ್, ವೈಪರ್, ಟೈರ್, ರಿಫ್ಲೆಕ್ಟರ್ ಪಟ್ಟಿ, ಹೊಗೆ. ಇನ್ಶೂರೆನ್ಸ್, ಎಮಿಷನ್, ಟ್ಯಾಕ್ಸ್ ಚಾಲ್ತಿಯಲ್ಲಿರಬೇಕು. ಟೈರಿನ ಗೀರುಗಳ ನಡುವೆ ಅಡ್ಡಲಾಗಿ ಸಣ್ಣ ಉಬ್ಬು ಇರುತ್ತದೆ. ಟೈರ್ ಸವೆದು ಅದರ ಮಟ್ಟಕ್ಕೆ ಬಂತು ಅಂದರೆ ಬದಲಾಯಿಸಬೇಕು. ಎಫ್‌ಸಿ ದಿನಕ್ಕೆ ಮಾತ್ರ ಬೇರೆ ಗಾಡಿಯ ಟೈರ್ ಹಾಕಿಸಿ, ಸಂಜೆ ವಾಪಸ್ ಕೊಡೋರೂ ಇದ್ದಾರೆ. ಮಳೆಗಾಲದ ಘಾಟಿ ರಸ್ತೆಗೆ ಈ ಉಪಾಯ ಗೊತ್ತಾಗೋದಿಲ್ಲ.

ಇನ್ನು ಡಿಎಲ್. ಕಾರಿನ ಎಲ್‌ಎಂವಿ ಲೈಸೆನ್ಸ್ ಇದ್ದರೆ ಏಸ್ ಓಡಿಸಬಹುದಾ ಅನ್ನೋ ಪ್ರಶ್ನೆಗೆ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್ 6ರಂದು ಉತ್ತರ ಕೊಟ್ಟಿದೆ: ಒಟ್ಟು ತೂಕ 7,500 ಕೆ.ಜಿ. ಒಳಗಿನ ಸಾರಿಗೆ ವಾಹನವನ್ನು ಓಡಿಸಬಹುದು, ಪ್ರತ್ಯೇಕ ಎಂಡಾರ್ಸ್‌ಮೆಂಟ್ ಬೇಕಿಲ್ಲ. ಬೈಕ್ ಡಿಎಲ್ ಮಾತ್ರ ಇರುವ ಹುಡುಗನ ಕೈಗೆ ಕೀ ಕೊಡೋ ಹಾಗಿಲ್ಲ.

ಹೊಸದಾಗಿ ಮಾಡಿಸೋರು ಎಲ್‌ಎಲ್‌ಆರ್ ಆಗಿ 30 ದಿನ ಕಳೆದ ಮೇಲೆ, 6 ತಿಂಗಳೊಳಗೆ ಟೆಸ್ಟಿಗೆ ಹೋಗಬೇಕು. ಅಲ್ಲಿಯವರೆಗೆ ಪಕ್ಕದಲ್ಲಿ ಡಿಎಲ್ ಇರೋರು ಕೂತಿರಬೇಕು, ಹಿಂದೆ ಮುಂದೆ ಕೆಂಪು ‘ಎಲ್’ ಬೋರ್ಡ್ ಇರಬೇಕು. ಟೆಸ್ಟ್ ಅಂದರೆ ಬೈಕಿಗೆ ಎಂಟು ಹಾಕೋದು ಅಷ್ಟೇ ಅಂತ ಹೋದರೆ ಕಾರಿನವರು ಸಿಕ್ಕಿಬೀಳುತ್ತಾರೆ. ರಿವರ್ಸ್, ಪಾರ್ಕಿಂಗ್, ಕನ್ನಡಿ ನೋಡಿ ಸಿಗ್ನಲ್ ಕೊಡೋದು, ಏರಿನಲ್ಲಿ ನಿಲ್ಲಿಸಿದ ಗಾಡಿಯನ್ನು ಹಿಂದಕ್ಕೆ ಜಾರದಂತೆ ಎತ್ತೋದು, ಇವೆಲ್ಲ ನಿಯಮದಲ್ಲೇ ಇವೆ. ಫೇಲಾದರೆ 7 ದಿನ ಬಿಟ್ಟು ಮತ್ತೆ ಹೋಗಬಹುದು. ಮೂರು ಸಲ ಫೇಲಾದರೆ ಕೊನೆಯ ಟೆಸ್ಟಿನಿಂದ 60 ದಿನ ಕಾಯಬೇಕು.