ಮಣ್ಣಿನ ಮಠ ಕರಗಲಿಲ್ಲವೇಕೆ?

ಪ್ರಶ್ನೆ: ಸ್ಪಿತಿ ಕಣಿವೆಗೆ ಒಬ್ಬಳೇ ಹೊರಟಿದ್ದೇನೆ. ಅಲ್ಲಿನ ತಾಬೋ ಮಠ ಮಣ್ಣಿನದಂತೆ. ಸಾವಿರ ವರ್ಷ ಹೇಗೆ ಉಳಿಯಿತು?

ಉತ್ತರ: ಮುಂಗಾರಿನ ಮೋಡಗಳನ್ನು ಪರ್ವತಸಾಲು ದಕ್ಷಿಣದಲ್ಲೇ ತಡೆಯುತ್ತದೆ, ಸ್ಪಿತಿಯಲ್ಲಿ ಮಳೆ ಅಪರೂಪ. ಹಾಗಾಗಿ 996ರಲ್ಲಿ ಕಟ್ಟಿದ ದಪ್ಪ ಗೋಡೆಗಳು ಇನ್ನೂ ನಿಂತಿವೆ. 1975ರ ಕಿನ್ನೌರ್ ಭೂಕಂಪದಲ್ಲಿ ಪೆಟ್ಟು ತಿಂದವು, ನಿಜ. ಈಗಿನ ಭಯ ಅಕಾಲದ ಮಳೆಯದು: ಮಣ್ಣಿನ ಚಾವಣಿ ಸೋರಿದರೆ ಭಿತ್ತಿಚಿತ್ರಗಳ ಮೇಲೆ ಕೆಸರಿನ ಗೆರೆ ಇಳಿಯುತ್ತದೆ. ಒಳಗೆ ಕತ್ತಲು. ಕಣ್ಣು ಹೊಂದಿಕೊಂಡ ಮೇಲೆ ಗೋಡೆಗಂಟಿ ಕೂತ, ಹೆಚ್ಚುಕಡಿಮೆ ಆಳಿನ ಗಾತ್ರದ ಮಣ್ಣಿನ ಮೂರ್ತಿಗಳು ಒಂದೊಂದಾಗಿ ಕಾಣತೊಡಗುತ್ತವೆ. ಫೋಟೊ ತೆಗೆಯುವಂತಿಲ್ಲ (ಒಳ್ಳೆಯದೇ ಆಯಿತು!). ರೆಕಾಂಗ್ ಪಿಯೊದಿಂದ ಕಾಜಾಕ್ಕೆ ಹೋಗುವ ಸರ್ಕಾರಿ ಬಸ್ಸು ಹಿಡಿಯಿರಿ, ತಾಬೋ ದಾರಿಯಲ್ಲೇ ಸಿಗುತ್ತದೆ. ಮನಾಲಿ ಕಡೆಯಿಂದ ಬೇಡ. ಆ ದಾರಿ ಒಮ್ಮೆಲೇ ಎತ್ತರಕ್ಕೇರಿ ತಲೆ ಸಿಡಿಯುವಂತೆ ಮಾಡುತ್ತದೆ.